ಗುರು ಲಘು

ಲಘುವಿಗೆ ಒಂದು ಮಾತ್ರೆ, ಗುರುವಿಗೆ ಎರಡು. ಭಾರವಾದದ್ದಕ್ಕೆ ಹೆಚ್ಚು ಹೊತ್ತು ಬೇಕೆಂಬ ಛಂದಸ್ಸಿನ ಈ ಸೂತ್ರವನ್ನು ನಾನು ಪಾಠ ಹೇಳುತ್ತೇನೆ. ಬಾಳುತ್ತಿರುವವರು ನಮ್ಮ ಬೀದಿಯ ಲಾರಿ ಚಾಲಕರೊಬ್ಬರು. ಲಾರಿಯೆಂದರೆ ಈರುಳ್ಳಿ ಹೇರುವ ಲಾರಿಯಲ್ಲ. ಕಾರ್ಖಾನೆಗೆ ಬಾಯ್ಲರು, ವಿದ್ಯುತ್ ಕೇಂದ್ರಕ್ಕೆ ಟ್ರಾನ್ಸ್‌ಫಾರ್ಮರು ಸಾಗಿಸುವ ಗಾಡಿ. ಅದರ ಚಕ್ರ ಎಣಿಸಹೊರಟ ಮಕ್ಕಳು ಲೆಕ್ಕ ತಪ್ಪುತ್ತಾರೆ.

“ಓಡಿಸೋದು ಕಷ್ಟವಲ್ಲ ಮೇಷ್ಟ್ರೇ, ನಿಲ್ಲಿಸೋದು ಕಷ್ಟ. ಬ್ರೇಕು ಒತ್ತಿದರೆ ಗಾಡಿ ನಿಲ್ಲುತ್ತೆ. ಮೇಲಿನ ಸಾಮಾನೂ ನಿಲ್ಲಬೇಕಲ್ಲ!” ಎನ್ನುತ್ತಾರೆ ಅವರು.

ಮುಂದೆ ಎಳೆಯುವ ಗಾಡಿ. ಹಿಂದೆ ಸಾಲುಸಾಲಾಗಿ ಅಚ್ಚುಗಳು. ರಸ್ತೆ ಒಂದು ಕಡೆಗೆ ವಾಲಿದರೆ ಎಣ್ಣೆಯ ಒತ್ತಡದಿಂದ ಆ ಬದಿಯನ್ನು ಎತ್ತಿ ಸಮ ಮಾಡಬೇಕು. ತಿರುವಿನಲ್ಲಿ ಹಿಂದಿನ ಚಕ್ರಗಳನ್ನು ಹೊರಳಿಸಲು ಬೇರೆ ಒಬ್ಬ. ಉದ್ದನೆಯ ಕೋಲಿನಿಂದ ತಂತಿಯನ್ನು ಎತ್ತಿಹಿಡಿಯಲು ಇನ್ನೊಬ್ಬ. ಹಳೆಯ ಸೇತುವೆ ಭಾರ ತಾಳದೆಂದರೆ ಪಕ್ಕದಲ್ಲೇ ಹಳ್ಳಕ್ಕೆ ಮಣ್ಣು ತುಂಬಿ ದಾರಿ ಮಾಡಬೇಕು. ಅಷ್ಟರಲ್ಲಿ ಮಳೆ ಹಿಡಿದರೆ ಅಲ್ಲೇ ಬಿಡಾರ.

ಇದು ಉತ್ಪ್ರೇಕ್ಷೆಯಲ್ಲ. 2019ರ ಜುಲೈನಲ್ಲಿ ಮಹಾರಾಷ್ಟ್ರದಿಂದ ಸುಮಾರು 70 ಟನ್ ತೂಕದ ಒಂದು ಯಂತ್ರ ತಿರುವನಂತಪುರದ ವಿಕ್ರಮ್ ಸಾರಾಭಾಯಿ ಬಾಹ್ಯಾಕಾಶ ಕೇಂದ್ರಕ್ಕೆ ಹೊರಟಿತು. ಆಟೋಕ್ಲೇವ್ ಎಂದು ಅದರ ಹೆಸರು. ರಾಕೆಟ್ಟಿನ ಭಾಗಗಳನ್ನು ಶಾಖ ಮತ್ತು ಒತ್ತಡದಲ್ಲಿ ಬೇಯಿಸಿ ಗಟ್ಟಿಮಾಡುವ ಮಹಾ ಕುಕ್ಕರು ಎನ್ನೋಣ. 74 ಚಕ್ರಗಳ ಮೇಲೆ ಏರಿದ ಅದು ಊರು ಮುಟ್ಟಿದ್ದು 2020ರ ಜುಲೈನಲ್ಲಿ. ನಡುವೆ ಲಾಕ್‌ಡೌನ್ ಬೇರೆ. ಸುಮಾರು 1,700 ಕಿಲೋಮೀಟರಿಗೆ ಒಂದು ವರ್ಷವೆಂದರೆ ದಿನಕ್ಕೆ ಐದು ಕಿಲೋಮೀಟರೂ ಆಗಲಿಲ್ಲ. ನಮ್ಮ ಹಳ್ಳಿಯ ಮಕ್ಕಳು ಶಾಲೆಗೆ ಅಷ್ಟು ನಡೆಯುತ್ತಿದ್ದರು.

ನಮ್ಮ ಚಾಲಕರು ಮಗಳ ವಯಸ್ಸನ್ನು ಸಾಮಾನಿನ ಲೆಕ್ಕದಲ್ಲಿ ಹೇಳುತ್ತಾರೆ. ಟ್ರಾನ್ಸ್‌ಫಾರ್ಮರು ಹೊರಟಾಗ ತೊಟ್ಟಿಲಲ್ಲಿದ್ದಳು. ಇಳಿಸಿ ಬರುವಷ್ಟರಲ್ಲಿ ಹೊಸ್ತಿಲು ದಾಟಿದ್ದಳು. ಹೊಸ್ತಿಲು ದಾಟಿದ ದಿನ ಬೆಲ್ಲ ಹಂಚಿದವರು ಅಜ್ಜಿ. ಈಗ ಅವಳು ದೊಡ್ಡವಳಾಗಿದ್ದಾಳೆ, ಫೋನಿನಲ್ಲಿ ವಿಚಾರಿಸುತ್ತಾಳೆ: “ಎಲ್ಲಿದ್ದೀಯಪ್ಪಾ?” “ನಿನ್ನೆ ಇದ್ದ ಊರಲ್ಲೇ ಕಣಮ್ಮಾ.” “ನಡಕೊಂಡು ಬಂದಿದ್ರೂ ಇಷ್ಟು ಹೊತ್ತಿಗೆ ಬಂದಿರ್ತಿದ್ದೆ!”

ಅವರು ಇದನ್ನು ನಗುತ್ತಲೇ ಹೇಳಿದರು. ಕೆಲಸ ಬಿಡಬಾರದೇ ಎಂದು ನಾನು ಕೇಳಿದೆ.

“ಬಿಡಬಹುದು ಮೇಷ್ಟ್ರೇ. ಆದರೆ ಈ ಗಾಡಿಯನ್ನು ಅವಸರದವನ ಕೈಗೆ ಕೊಡೋಕಾಗಲ್ಲ.”

ಗುಂಡಿ ಒತ್ತಿದೊಡನೆ ನಮ್ಮ ಮನೆಗಳಲ್ಲಿ ದೀಪ ಹತ್ತುತ್ತದೆ. ಒಂದು ಕ್ಷಣ ತಡವಾದರೆ ನಾವು ಗೊಣಗುತ್ತೇವೆ. ಆ ಬೆಳಕು ಬರಲೆಂದು ಯಾವುದೋ ಮನೆಯಲ್ಲಿ ಒಂದು ಮಗು ತಿಂಗಳುಗಟ್ಟಲೆ ಬಾಗಿಲು ನೋಡಿರುತ್ತದೆ.