ವಾಯು ಎಂದು ಸುಮ್ಮನಿದ್ದೆ

ಹೋದ ವರ್ಷ ಶ್ರಾವಣದ ಒಂದು ಬೆಳಿಗ್ಗೆ ಹಾಲಿನ ಪಾತ್ರೆ ಇಳಿಸಲು ಹೋದೆ. ಇಕ್ಕಳ ಹಿಡಿಯಲು ಬೆರಳು ಮಡಚಲೇ ಇಲ್ಲ. ಎರಡೂ ಕೈಯ ಗೆಣ್ಣುಗಳು ಊದಿ ಬಿಸಿಯಾಗಿದ್ದವು. ಸೋಪು ಹಚ್ಚಿದರೂ ಮದುವೆಯ ಉಂಗುರ ಕಳಚಲಿಲ್ಲ.

"ವಾಯು ಕಣೇ. ನನ್ನ ಮಂಡಿ ಇಪ್ಪತ್ತು ವರ್ಷದಿಂದ ನೋಯ್ತಿಲ್ವೇ? ಎಣ್ಣೆ ಕಾಯಿಸಿ ಹಚ್ಕೋ" ಎಂದರು ನಮ್ಮತ್ತೆ. ಹಚ್ಚಿಕೊಂಡೆ. ಆಲೂಗಡ್ಡೆ ಬಿಟ್ಟೆ. ಒಂಬತ್ತರ ಹೊತ್ತಿಗೆ ಕೈ ಸಡಿಲವಾಗುತ್ತಿತ್ತು, ಆಮೇಲೆ ಕೆಲಸ. ನಮ್ಮನೆಯವರಿಗೂ ಹೇಳಲಿಲ್ಲ. ಕೈನೋವೆಂದು ನಾವು ಹೆಂಗಸರು ಆಸ್ಪತ್ರೆಗೆ ಹೋಗುವುದುಂಟೇ, ನೀವೇ ಹೇಳಿ? ಹೀಗೇ ಎಂಟು ತಿಂಗಳು ಕಳೆಯಿತು.

ಯುಗಾದಿಯ ದಿನ ಒಬ್ಬಟ್ಟು ತಟ್ಟಲಾಗದೆ ಅಡಿಗೆಮನೆಯಲ್ಲೇ ಅತ್ತುಬಿಟ್ಟೆ. ಅದೇ ವಾರ ಮಗಳು ಕೀಲುರೋಗದ ಡಾಕ್ಟರ ಬಳಿ ಕರೆದೊಯ್ದಳು. "ಎದ್ದ ಮೇಲೆ ಕೈ ಸಡಿಲವಾಗಲು ಎಷ್ಟು ಹೊತ್ತು ಬೇಕಮ್ಮ?" ಎಂದು ಮೊದಲು ಕೇಳಿದರು. "ಮೂರು ಗಂಟೆ" ಎಂದೆ. ರಕ್ತ ಪರೀಕ್ಷೆ, ಎಕ್ಸ್‌ರೇ ಆಯಿತು. ರುಮಟಾಯ್ಡ್ ಸಂಧಿವಾತ ಎಂದರು.

ಅತ್ತೆಯ ನೋವೇ ಬೇರೆ, ನನ್ನದೇ ಬೇರೆ ಎಂದು ತಿಳಿದದ್ದು ಅಂದೇ. ಮೂಳೆಗಳು ಸೇರುವಲ್ಲಿ ಮೆತ್ತೆಯಂತೆ ಮೃದ್ವಸ್ಥಿ ಇರುತ್ತದೆ. ವಯಸ್ಸಾದಂತೆ ಅದು ಸವೆದು ಬರುವುದು ಅತ್ತೆಯ ಮಂಡಿನೋವು. ನಡೆದರೆ ಹೆಚ್ಚು, ಕೂತರೆ ಕಡಿಮೆ. ಬೆಳಗಿನ ಬಿಗಿತ ಸಾಮಾನ್ಯವಾಗಿ ಅರ್ಧ ಗಂಟೆಯೊಳಗೆ ಹೋಗುತ್ತದೆ. ನನ್ನದು ಸವೆತವಲ್ಲ. ರೋಗಾಣುಗಳನ್ನು ಹೊಡೆಯಬೇಕಾದ ದೇಹದ ಕಾವಲೇ ದಿಕ್ಕುತಪ್ಪಿ ಕೀಲಿನ ಒಳಪದರದ ಮೇಲೆ ಬೀಳುತ್ತದೆ. ಪದರ ಊದಿ, ಮೃದ್ವಸ್ಥಿಯನ್ನೂ ಮೂಳೆಯನ್ನೂ ಮೆಲ್ಲಗೆ ತಿನ್ನುತ್ತದೆ. ಗಂಡಸರಿಗಿಂತ ಹೆಂಗಸರಲ್ಲಿ ಇದು 2-3 ಪಟ್ಟು ಹೆಚ್ಚಂತೆ. ನೋವಿನ ಮಾತ್ರೆಯಿಂದ ನೋವು ಅಡಗಬಹುದು, ಒಳಗಿನ ಹಾನಿ ನಿಲ್ಲದು.

ಈಗ ವಾರಕ್ಕೊಮ್ಮೆ ಮೆಥೊಟ್ರೆಕ್ಸೇಟ್ ಮಾತ್ರೆ. ತಪ್ಪಿ ದಿನವೂ ನುಂಗಿದರೆ ಅಪಾಯ. ಅದಕ್ಕೇ ಕ್ಯಾಲೆಂಡರಿನಲ್ಲಿ ಭಾನುವಾರಗಳಿಗೆ ಗುರುತು ಹಾಕಿದ್ದೇನೆ. ಆಗಾಗ ರಕ್ತ ಪರೀಕ್ಷೆಯೂ ಬೇಕು. ಬಸುರಿಯರಿಗೆ ಈ ಔಷಧಿ ಕೂಡದು. ಗುಣ ಕಾಣಲು ಎರಡು ತಿಂಗಳು ಹಿಡಿಯಿತು. ಈಗ ಚಪಾತಿ ಹಿಟ್ಟು ನಾದುತ್ತೇನೆ. ಬಟ್ಟೆ ಹಿಂಡುವುದು ಮಗಳ ಪಾಲು. ಉಂಗುರವನ್ನು ಅಕ್ಕಸಾಲಿಯ ಕೈಲಿ ಕತ್ತರಿಸಿ ತೆಗೆಸಿದ್ದಾಯಿತು. ಆ ಬೆರಳು ವಾಲಿದ್ದು ಮಾತ್ರ ವಾಲಿಯೇ ಉಳಿಯಿತು. ಮೊದಲೇ ಬಂದಿದ್ದರೆ ಉಳಿಸಬಹುದಿತ್ತು ಎಂದರು ಡಾಕ್ಟರು.

ಸೋದರಿಯರೇ, ಎರಡೂ ಕೈಯ ಗೆಣ್ಣು ಊದಿ, ಬೆಳಗಿನ ಬಿಗಿತ ಗಂಟೆ ದಾಟಿ, ದಿನಗಳು ವಾರಗಳಾದರೂ ಹೋಗದಿದ್ದರೆ ವಾಯು ಎಂದು ಸುಮ್ಮನಿರಬೇಡಿ.

ನಮ್ಮತ್ತೆ ಈಗ ಬೆಳಿಗ್ಗೆ ತಾವೇ ಕಾಫಿ ತಂದುಕೊಟ್ಟು, "ಸಡ್ಲ ಆಯ್ತೇನೇ?" ಅಂತ ಕೇಳ್ತಾರೆ.