ಕಣ್ಣಿನ ಪಾಪೆ

ಕಣ್ಣಿನ ಆಸ್ಪತ್ರೆಯಿಂದ ಹೊರಬಂದ ವೃದ್ಧರೊಬ್ಬರು ನಡುಹಗಲಿನ ಬಿಸಿಲಿಗೆ ತಬ್ಬಿಬ್ಬಾಗಿ ಮೊಮ್ಮಗನ ಭುಜವನ್ನು ಹಿಡಿದು ನಿಲ್ಲುತ್ತಾರೆ. “ತಾತ, ನಿಮ್ಮ ಕಣ್ಣೆಲ್ಲ ಕಪ್ಪಾಗಿದೆ!” ಎಂದು ಹುಡುಗನು ಬೆರಗಾಗುತ್ತಾನೆ. ವೈದ್ಯರು ಹಾಕಿದ ಒಂದೆರಡು ತೊಟ್ಟು ಔಷಧದಿಂದ ಪಾಪೆಯು ಅರಳಿದೆ. ಬೆಳಕಿಗೆ ಮುಚ್ಚಿಕೊಳ್ಳಬೇಕಾದ ಬಾಗಿಲು ತೆರೆದೇ ಉಳಿದಿದೆ.

ಪಾಪೆಯೆಂದರೆ ಒಂದು ರಂಧ್ರ. ಅದರ ಸುತ್ತಲಿನ ಬಣ್ಣದ ಪೊರೆಯಲ್ಲಿ ಎರಡು ಸ್ನಾಯುಗಳಿವೆ. ಒಂದು ಬಳೆಯಂತೆ ಸುತ್ತುವರಿದು ರಂಧ್ರವನ್ನು ಕಿರಿದುಗೊಳಿಸುತ್ತದೆ. ಇನ್ನೊಂದು ಗಾಲಿಯ ಕಡ್ಡಿಗಳಂತೆ ಹರಡಿ ಅದನ್ನು ಹಿಗ್ಗಿಸುತ್ತದೆ. ಇವು ನಮ್ಮ ಇಚ್ಛೆಗೆ ಒಳಪಡದ ನುಣುಪು ಸ್ನಾಯುಗಳು. ಕಿರಿದಾಗೆಂದು ಎಷ್ಟು ಗದರಿಸಿದರೂ ಪಾಪೆ ಕೇಳದು.

ತೋಳಿನ ಸ್ನಾಯುವಿನಲ್ಲಿ ನರದ ತುದಿಯು ಪ್ರತಿಯೊಂದು ಎಳೆಗೂ ಒತ್ತಿಕೊಂಡು ನಿಲ್ಲುತ್ತದೆ. ನುಣುಪು ಸ್ನಾಯುವಿನ ರೀತಿ ಬೇರೆ. ಇಲ್ಲಿ ನರದ ಕವಲು ಮಣಿಸರದಂತೆ ಅಲ್ಲಲ್ಲಿ ಉಬ್ಬಿಕೊಂಡು ಜೀವಕೋಶಗಳ ನಡುವೆ ಹಾದುಹೋಗುತ್ತದೆ. ಆ ಮಣಿಗಳಿಂದ ಹೊರಬಿದ್ದ ರಾಸಾಯನಿಕವು ಕಿರಿದಾದ ತೆರಪನ್ನು ದಾಟಿ ಸ್ನಾಯುವಿಗೆ ಸುದ್ದಿ ಮುಟ್ಟಿಸುತ್ತದೆ. ಬಳೆಯ ಸ್ನಾಯುವಿಗೆ ಅಸಿಟೈಲ್‌ಕೋಲೀನ್, ಕಡ್ಡಿಯ ಸ್ನಾಯುವಿಗೆ ನಾರ್‌ಅಡ್ರಿನಲಿನ್. ನರಗಳು ರಾಸಾಯನಿಕದ ಮೂಲಕ ಸುದ್ದಿ ಕಳುಹುತ್ತವೆಂಬುದನ್ನು ಆಟೋ ಲೋವಿ ಎಂಬ ವಿಜ್ಞಾನಿ ಕಪ್ಪೆಯ ಹೃದಯಗಳ ಮೇಲಿನ ಪ್ರಯೋಗದಿಂದ ತೋರಿಸಿ 1921ರಲ್ಲಿ ಪ್ರಕಟಿಸಿದರು. ವೃದ್ಧರ ಕಣ್ಣಿಗೆ ಬಿದ್ದ ಔಷಧವು ಅಸಿಟೈಲ್‌ಕೋಲೀನ್ ಕುಳಿತುಕೊಳ್ಳಬೇಕಾದ ಪೀಠವನ್ನೇ ಆಕ್ರಮಿಸಿದೆ. ಹೊಲದ ಬದುವಿನ ದತ್ತೂರಿಯಲ್ಲಿಯೂ ಇಂಥದೇ ವಿಷವುಂಟು; ಅದನ್ನು ಕಿತ್ತ ಕೈಯಿಂದ ಕಣ್ಣುಜ್ಜಿಕೊಂಡರೆ ಪಾಪೆ ಅರಳೀತು.

ಕಿರಿದುಗೊಳಿಸುವ ನರವು ಮಿದುಳಿನ ನಡುಭಾಗದಿಂದ ಹೊರಟು, ಕಣ್ಣುಗುಡ್ಡೆಯ ಹಿಂದಿನ ನರಗಂಟಿನಲ್ಲಿ ತಂಗಿ ಸ್ನಾಯುವನ್ನು ಸೇರುತ್ತದೆ. ಹಿಗ್ಗಿಸುವ ನರದ ದಾರಿಯೋ ಕೊಂಕಣ ಸುತ್ತಿ ಮೈಲಾರಕ್ಕೆ ಬಂದಂತೆ! ಬೆನ್ನುಹುರಿಯಲ್ಲಿ ಎದೆಯ ಮಟ್ಟಕ್ಕೆ ಇಳಿದು, ಶ್ವಾಸಕೋಶದ ನೆತ್ತಿಯ ಮೇಲೆ ಹಾದು, ಕೊರಳಿನ ರಕ್ತನಾಳದ ಜೊತೆಯಲ್ಲಿ ಮತ್ತೆ ಮೇಲೇರುತ್ತದೆ. ಆದುದರಿಂದಲೇ ಎದೆಯೊಳಗಿನ ಗಡ್ಡೆಯ ಸುಳಿವು ಕಣ್ಣಿನಲ್ಲಿ ಸಿಕ್ಕುವುದುಂಟು. 1869ರಲ್ಲಿ ಸ್ವಿಟ್ಜರ್ಲೆಂಡಿನ ನೇತ್ರವೈದ್ಯ ಹಾರ್ನರ್ ಅವರು 40 ವರ್ಷದ ಹೆಂಗಸೊಬ್ಬಳ ಒಂದು ರೆಪ್ಪೆ ಜೋತುಬಿದ್ದು, ಅದೇ ಕಣ್ಣಿನ ಪಾಪೆ ಕಿರಿದಾಗಿದ್ದುದನ್ನು ಕಂಡು, ಕೊರಳಿನ ಈ ನರವೇ ಕೆಟ್ಟಿದೆಯೆಂದು ಗುರುತಿಸಿದರು.

ತಲೆಗೆ ಪೆಟ್ಟು ಬಿದ್ದು ಎಚ್ಚರ ತಪ್ಪಿದವನನ್ನು ಕರೆತಂದಾಗ ವೈದ್ಯರು ರೆಪ್ಪೆಯೆತ್ತಿ ಟಾರ್ಚಿನ ಬೆಳಕು ಬಿಡುವುದು ಸುಮ್ಮನೆಯಲ್ಲ. ಒಳಗೆ ರಕ್ತ ಕೂಡಿ, ಕಿರಿದುಗೊಳಿಸುವ ನರವು ಒತ್ತಡಕ್ಕೆ ಸಿಕ್ಕಿದರೆ ಆ ಬದಿಯ ಪಾಪೆ ಬೆಳಕಿಗೂ ಅಲುಗದೆ ದೊಡ್ಡದಾಗಿಯೇ ನಿಲ್ಲುತ್ತದೆ. ತಡಮಾಡಿದರೆ ಅವನು ಬದುಕುವುದು ಕಷ್ಟ.

ವೃದ್ಧರಿಗೆ ಅಂಥ ಭಯವಿಲ್ಲ. ಸಂಜೆ ಮೊಮ್ಮಗನು ತಾತನನ್ನು ದೀಪದ ಬಳಿಗೆ ಕರೆದು ಮತ್ತೆ ಇಣಿಕಿ ನೋಡುತ್ತಾನೆ. ಪಾಪೆಯು ಕಿರಿದಾಗತೊಡಗಿದೆ.