ದಂಟು ಎಲ್ಲಿ?

ಸಂಜೆ ಏಳೂಕಾಲಿಗೆ ಆಫೀಸಿನಿಂದ ಬಂದರೆ ಎಂಟರೊಳಗೆ ಅಪ್ಪನ ಮುಂದೆ ತಟ್ಟೆ ಇಡಬೇಕು. ಎಂಟೂವರೆ ದಾಟಿತೋ, ‘ನಂಗೆ ಹಸಿವಿಲ್ಲ’ ಅನ್ನುತ್ತಾರೆ. ಹಸಿವಿಲ್ಲ ಅಂದರೆ ಸಿಟ್ಟು ಬಂದಿದೆ ಅಂತ ಅರ್ಥ. ಹಾಗಾಗಿ ನನ್ನ ಅಡುಗೆಗೆ ಸಿಗುವುದು ಹೆಚ್ಚೆಂದರೆ ಮುಕ್ಕಾಲು ಗಂಟೆ. ಅಮ್ಮನ ಮೀನು ಗಸಿಗೆ ಕಾಯಿ ತುರಿದು, ಮೆಣಸು ಹುರಿದು, ನುಣ್ಣಗೆ ಅರೆಯುವುದಕ್ಕೇ ಅಷ್ಟು ಹೊತ್ತು ಬೇಕಿತ್ತು.

ಅಮ್ಮ ಹೋದ ಮೇಲೆ ಅಪ್ಪ ಮಲ್ಪೆ ಹತ್ತಿರದ ಮನೆಗೆ ಬೀಗ ಹಾಕಿ ಬೆಂಗಳೂರಿಗೆ ಬಂದರು. ಜೊತೆಗೆ ತಂದದ್ದು ಒಂದು ಕಬ್ಬಿಣದ ಕಾವಲಿ, ಒಂದು ಡಬ್ಬಿ ಪುನರ್ಪುಳಿ ಸಿಪ್ಪೆ, ಮತ್ತೆ ಬಿಪಿ. ಇಲ್ಲಿಯ ಡಾಕ್ಟರು ಮೀನು ತಿನ್ನಿ, ಸೊಪ್ಪು ತಿನ್ನಿ ಅಂದಾಗ ಅಪ್ಪನ ಮುಖ ಅರಳಿತು. ಉಪ್ಪು ದಿನಕ್ಕೆ 5 ಗ್ರಾಂ ದಾಟಬಾರದು, ಅಂದರೆ ಒಂದು ಸಣ್ಣ ಚಮಚ, ಉಪ್ಪಿನಕಾಯಿ ಹಪ್ಪಳ ಒಣಮೀನಿನದ್ದೂ ಅದರಲ್ಲೇ ಸೇರಿತು ಅಂದಾಗ ಆ ಮುಖ ಮುಚ್ಚಿಕೊಂಡಿತು.

ನಾನು ಕಂಡುಕೊಂಡ ದಾರಿ ಇದು. ಎರಡು ಬಂಗುಡೆ. ಪುನರ್ಪುಳಿಯನ್ನು ಬಿಸಿನೀರಿಗೆ ಹಾಕಿಟ್ಟು, ಆ ಗಟ್ಟಿ ಹುಳಿನೀರಿನಲ್ಲಿ ಬ್ಯಾಡಗಿ ಮೆಣಸಿನ ಪುಡಿ, ಅರಿಶಿನ, ಕಾಳುಮೆಣಸು, ಜಜ್ಜಿದ ಬೆಳ್ಳುಳ್ಳಿ ಕಲಸಿ ಮೀನಿಗೆ ಹಚ್ಚುವುದು. ಹುಳಿ, ಖಾರ ಮುಂದಾದರೆ ನಾಲಿಗೆ ಉಪ್ಪನ್ನು ಅಷ್ಟಾಗಿ ಕೇಳುವುದಿಲ್ಲ. ಕಾವಲಿ ಚೆನ್ನಾಗಿ ಕಾದ ಮೇಲೆ ಒಂದು ಚಮಚ ತೆಂಗಿನೆಣ್ಣೆ, ಒಂದೊಂದು ಬದಿಗೆ ನಾಲ್ಕೈದು ನಿಮಿಷ. ಬಂಗುಡೆಯಲ್ಲೇ ಎಣ್ಣೆ ಇರುವುದರಿಂದ ಹೆಚ್ಚು ಬೇಡ. ಪಕ್ಕದ ಒಲೆಯಲ್ಲಿ ಕೆಂಪು ಹರಿವೆ. ಬೆಳ್ಳುಳ್ಳಿ, ಹಸಿಮೆಣಸಿನ ಒಗ್ಗರಣೆಗೆ ಹಾಕಿದರೆ ತನ್ನ ನೀರಲ್ಲೇ ಬೇಯುತ್ತದೆ. ಉಪ್ಪು ಮಾತ್ರ ಸೊಪ್ಪು ಬಾಡಿ ಇಳಿದ ಮೇಲೆ. ಬಾಣಲೆ ತುಂಬ ಕಾಣುವಾಗ ಹಾಕಿದರೆ ಕೈ ಯಾವತ್ತೂ ಜಾಸ್ತಿಯೇ ಹೋಗುತ್ತದೆ. ಕೊನೆಗೆ ಒಂದು ಚಿಟಿಕೆ ತೆಂಗಿನ ತುರಿ, ನೆನಪಿಗೆ ಅಂತ.

ನನಗಂತೂ ಹೆಮ್ಮೆ. ಅಪ್ಪ ಮೊದಲ ತುತ್ತು ತಿಂದು, ‘ಇದು ಆಸ್ಪತ್ರೆಯ ಊಟ’ ಅಂದರು.

ಹೀಗೇ ನಡೆಯಿತು ನಾಲ್ಕು ತಿಂಗಳು. ಜೂನ್ ಬಂತು. ಜೂನ್ 1ರಿಂದ ಜುಲೈ 31ರವರೆಗೆ ನಮ್ಮ ಕಡಲಿನಲ್ಲಿ ಯಾಂತ್ರಿಕ ದೋಣಿಗಳು ಇಳಿಯುವ ಹಾಗಿಲ್ಲ. ಬೆಂಗಳೂರಿನ ಅಂಗಡಿಯಲ್ಲಿ ಸಿಗುವುದು ಎಲ್ಲಿಂದಲೋ ಬಂದ ಐಸಿನ ಮೀನು. ಅದರ ಕಣ್ಣು ನೋಡಿಯೇ ಅಪ್ಪ ತಟ್ಟೆ ದೂಡುತ್ತಿದ್ದರು. ಊರಲ್ಲಾದರೆ ಮಳೆಗಾಲಕ್ಕೆಂದೇ ಬೇಸಿಗೆಯಲ್ಲಿ ಒಣಗಿಸಿಟ್ಟ ಮೀನು ಇರುತ್ತಿತ್ತು. ಗಂಜಿ, ಕೆಂಡದಲ್ಲಿ ಸುಟ್ಟ ಒಣಮೀನು, ಹೊರಗೆ ಸುರಿಯುವ ಮಳೆ. ಎಪ್ಪತ್ತು ವರ್ಷದ ಅಭ್ಯಾಸ.

ಒಂದು ರಾತ್ರಿ ಅಪ್ಪನ ಕಾಲು ನೋಡಿದೆ. ಪಾದ ಊದಿತ್ತು. ಬೆರಳಿಂದ ಒತ್ತಿದರೆ ಗುಳಿ ಹಾಗೇ ನಿಲ್ಲುತ್ತಿತ್ತು. ಮೆಷಿನ್‌ನಲ್ಲಿ ಮೇಲಿನ ಅಂಕಿ 178. ನಾನು ಅಳೆದು ಅಳೆದು ಉಪ್ಪು ಹಾಕುವಾಗ ಇದು ಹೇಗೆ? ಬಾಲ್ಕನಿಯ ಹಳೆಯ ಪೇಂಟ್ ಡಬ್ಬದಲ್ಲಿ, ಮೂರು ಪ್ಲಾಸ್ಟಿಕ್ ಚೀಲದೊಳಗೆ, ಒಣಸಿಗಡಿ ಮತ್ತು ಉಪ್ಪುಮೀನು ಸಿಕ್ಕಿತು. ಊರಿನಿಂದ ಬಸ್ಸಲ್ಲಿ ತರಿಸಿಕೊಂಡಿದ್ದರು. ನಾನು ಆಫೀಸಿಗೆ ಹೋದ ಮೇಲೆ ಮಧ್ಯಾಹ್ನ ಸುಟ್ಟು ತಿನ್ನುತ್ತಿದ್ದರು. ವಾಸನೆ ಹೋಗಲಿ ಎಂದು ಅಗರಬತ್ತಿ ಹಚ್ಚುತ್ತಿದ್ದರಂತೆ! ಇವರಿಗೆ ಇದ್ದಕ್ಕಿದ್ದಂತೆ ಭಕ್ತಿ ಬಂದಿದೆ ಅಂತ ನಾನು ಅಂದುಕೊಂಡಿದ್ದೆ.

ಕೂಗಾಡಿದೆ. ಹೇಳಬಾರದ್ದನ್ನೂ ಹೇಳಿದೆ. ‘ಅಮ್ಮನನ್ನು ನೋಡಿಕೊಂಡದ್ದು ಸಾಕಾಗಿದೆ ನನಗೆ’ ಅಂದುಬಿಟ್ಟೆ. ಅಪ್ಪ ಎದ್ದು ಹೋಗಿ ಬಾಗಿಲು ಹಾಕಿಕೊಂಡರು. ಮರುದಿನ ಡಾಕ್ಟರು ಮಾತ್ರೆ ಬದಲಿಸಿದರು. ಮನೆಯಲ್ಲಿ ಮೂರು ದಿನ ಮಾತಿಲ್ಲ.

ಭಾನುವಾರ ನಾನು ಹರಿವೆ ಬಿಡಿಸುತ್ತಿದ್ದೆ. ಅಪ್ಪ ಅಡುಗೆಮನೆ ಬಾಗಿಲಲ್ಲಿ ನಿಂತು ಕಸದ ಬುಟ್ಟಿಯನ್ನೇ ನೋಡುತ್ತಿದ್ದರು.

‘ದಂಟು ಎಲ್ಲಿ?’

ಬಿಸಾಡಿದೆ ಅಂದೆ. ನಾರು ತೆಗೆಯಬೇಕು, ಬೇಯಲು ಹೊತ್ತು, ಅಷ್ಟು ಪುರುಸೊತ್ತು ನನಗೆಲ್ಲಿ.

‘ದಿನಾ ಬಿಸಾಡ್ತೀಯಾ?’

‘ದಿನಾ.’

‘ಇಲ್ಲಿಯವರು ಇದನ್ನು ದಂಟಿನ ಸೊಪ್ಪು ಅಂತಲೇ ಕರೀತಾರೆ. ನೀನು ದಂಟನ್ನೇ ಬಿಸಾಡ್ತೀಯಲ್ಲ ಮಾರಾಯ್ತಿ’ ಅಂದವರೇ ಬುಟ್ಟಿಯಿಂದ ಅವನ್ನೆಲ್ಲ ಎತ್ತಿ ಸಿಂಕಿನಲ್ಲಿ ತೊಳೆದರು. ಆಮೇಲೆ ಸ್ವಲ್ಪ ತಡೆದು, ‘ದಪ್ಪ ದಂಟು ಆರಿಸಿ ನನ್ನ ಬಟ್ಟಲಿಗೇ ಹಾಕ್ತಿದ್ದಳು ಅವಳು’ ಅಂದರು. ಅಮ್ಮ ಹೋದ ಮೇಲೆ ಅವರ ಬಾಯಲ್ಲಿ ಅಮ್ಮನ ಮಾತು ಬಂದದ್ದು ಅದೇ ಮೊದಲು.

ಅವತ್ತೇ ನನ್ನ ಬಂಗುಡೆಯ ತಪ್ಪನ್ನೂ ಹೇಳಿದರು. ಅಂಗಡಿಯವನು ಹಾಕಿದ ಎರಡು ಗೀರು ಸಾಲದು. ನಡುಮುಳ್ಳು ಕತ್ತಿಗೆ ತಾಗುವವರೆಗೆ ಗೀರಬೇಕು, ಒಂದು ಬದಿಗೆ ನಾಲ್ಕು. ಮಸಾಲೆ ಒಳಗೆ ಇಳಿಯದಿದ್ದರೆ ತಿನ್ನುವವನು ಉಪ್ಪು ಹುಡುಕದೆ ಇನ್ನೇನು ಮಾಡುತ್ತಾನೆ?

ಈಗ ನಾನು ಬರುವ ಹೊತ್ತಿಗೆ ದಂಟಿನ ನಾರು ತೆಗೆದು, ಬೆರಳುದ್ದ ಕತ್ತರಿಸಿ ನೀರಲ್ಲಿ ಹಾಕಿಟ್ಟಿರುತ್ತಾರೆ. ಪುನರ್ಪುಳಿಯೂ ನೆನೆದಿರುತ್ತದೆ. ಕಾವಲಿ ಮಾತ್ರ ನನ್ನದು. ನಿನ್ನೆ ಬಿಪಿ 146 ಇತ್ತು. ಪೇಂಟ್ ಡಬ್ಬ ಬಾಲ್ಕನಿಯಲ್ಲೇ ಇದೆ, ನಾನು ತೆರೆದು ನೋಡಿಲ್ಲ. ಊಟ ಮುಗಿಯುವಾಗ ಅಪ್ಪನ ತಟ್ಟೆಯ ಅಂಚಿನಲ್ಲಿ ಎರಡು ಪುಟ್ಟ ರಾಶಿ ಇರುತ್ತವೆ. ಒಂದು ಬಂಗುಡೆಯ ಮುಳ್ಳಿನದು, ಇನ್ನೊಂದು ಜಗಿದು ರಸ ಹೀರಿ ಬಿಟ್ಟ ದಂಟಿನ ನಾರಿನದು.